ಎತ್ತಿಗೆ ಜ್ವರ, ಚಿಪ್ಪಿಗೆ ಬರೆ

ಗೇಮಿಂಗ್ ಲ್ಯಾಪ್‌ಟಾಪ್ ಕೆಡುವ ಬಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಆಟ ಬಿರುಸಾದ ಹೊತ್ತಿನಲ್ಲಿ ಪರದೆಯ ಮೇಲೆ ಹಸಿರು, ನೇರಳೆ ಚುಕ್ಕಿಗಳು ಮೂಡುತ್ತವೆ. ಇಲ್ಲವೇ ಚಿತ್ರ ಪಟ್ಟೆಪಟ್ಟೆಯಾಗಿ ಹರಿದುಹೋಗುತ್ತದೆ. ಇಲ್ಲವೇ ಯಾವ ಸೂಚನೆಯೂ ಇಲ್ಲದೆ ಎಲ್ಲ ಕಪ್ಪಾಗಿ ಫ್ಯಾನ್ ಮಾತ್ರ ಜೋರಾಗಿ ಸುತ್ತುತ್ತಿರುತ್ತದೆ. ಅಂಗಡಿಗೆ ಒಯ್ದರೆ ಐದೇ ನಿಮಿಷದಲ್ಲಿ ತೀರ್ಪು ಬರುವುದುಂಟು: ‘ಜಿಪಿಯು ಹೋಗಿದೆ.’ ಅದರ ಬೆನ್ನಿಗೇ ಎರಡು ದಾರಿ ತೋರಿಸುತ್ತಾರೆ. ಒಂದು, ಚಿಪ್ಪಿಗೆ ಹೀಟ್ ಕೊಟ್ಟು ನೋಡುವುದು. ಇನ್ನೊಂದು, ಲ್ಯಾಪ್‌ಟಾಪಿನ ಬೆಲೆಯ ದೊಡ್ಡ ಪಾಲನ್ನು ನುಂಗುವ ಹೊಸ ಮದರ್‌ಬೋರ್ಡ್ ಹಾಕಿಸುವುದು. ತೀರ್ಪು ಸರಿಯೇ ಇರಬಹುದು. ಆದರೆ ಅದು ಬಂದ ದಾರಿ ತಪ್ಪು. ಚಿಪ್ ಕೆಟ್ಟಿದೆ ಎನ್ನುವುದು ಉಳಿದೆಲ್ಲ ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆ ಮಿಗಬೇಕಾದ ತೀರ್ಮಾನ, ಪರದೆ ನೋಡಿದ ಕೂಡಲೇ ಹೇಳಬಹುದಾದ ಮಾತಲ್ಲ. ಚಾಲಕ ತಂತ್ರಾಂಶ (ಡ್ರೈವರ್) ಕೈಕೊಟ್ಟರೂ, ವಿದ್ಯುತ್ ಸಾಲದಿದ್ದರೂ, ಶಾಖ ಹೊರಹೋಗದಿದ್ದರೂ, ಕೇಬಲ್ ಸವೆದಿದ್ದರೂ ಪರದೆ ಕೊನೆಗೆ ತೋರಿಸುವುದು ಅದೇ ಪಟ್ಟೆ, ಅದೇ ಕತ್ತಲು. ಆದ್ದರಿಂದ ಏನು ಕಾಣಿಸಿತು ಎಂಬುದಕ್ಕಿಂತ ಯಾವಾಗ, ಯಾವ ಸ್ಥಿತಿಯಲ್ಲಿ ಕಾಣಿಸಿತು ಎಂಬ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು.

ಇದು ಅರ್ಥವಾಗಬೇಕಾದರೆ ಯಂತ್ರದ ಒಳಗಿನ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ಡೆಸ್ಕ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಕಿತ್ತು ಬೇರೊಂದು ಹಾಕಿ ನೋಡಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಈಗಿನ ಬಹುಪಾಲು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಆ ಸೌಲಭ್ಯವಿಲ್ಲ. ಗ್ರಾಫಿಕ್ಸ್ ಚಿಪ್ (ಜಿಪಿಯು), ಅದರ ಸುತ್ತಲಿನ ಮೆಮೊರಿ ಚಿಪ್‌ಗಳು, ಅದಕ್ಕೆ ವಿದ್ಯುತ್ ಹದಮಾಡಿ ಕೊಡುವ ಭಾಗಗಳು ಎಲ್ಲವನ್ನೂ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದರ ಜೊತೆಗೆ ಪ್ರೊಸೆಸರಿನ ಒಳಗೆ ಇನ್ನೊಂದು ಸಣ್ಣ ಜಿಪಿಯು ಇರುತ್ತದೆ. ಎನ್‌ವಿಡಿಯಾ 2010ರಲ್ಲಿ ತಂದ ಆಪ್ಟಿಮಸ್ ವ್ಯವಸ್ಥೆಯಿಂದೀಚೆಗೆ ಈ ಎರಡೂ ಕೆಲಸ ಹಂಚಿಕೊಳ್ಳುತ್ತವೆ: ದೊಡ್ಡ ಜಿಪಿಯು ಆಟದ ಚಿತ್ರವನ್ನು ಬಿಡಿಸಿಕೊಡುತ್ತದೆ, ಸಣ್ಣದು ಅದನ್ನು ಪರದೆಗೆ ಕಳಿಸುತ್ತದೆ. ಇಂಥ ಲ್ಯಾಪ್‌ಟಾಪಿನಲ್ಲಿ ಪರದೆಯ ತಂತಿ ನೇರವಾಗಿ ದೊಡ್ಡ ಜಿಪಿಯುಗೆ ಸೇರಿರುವುದೇ ಇಲ್ಲ. ಕೆಲವು ಮಾದರಿಗಳಲ್ಲಿ ಮಾತ್ರ ಮಕ್ಸ್ ಸ್ವಿಚ್ ಎಂಬ ಏರ್ಪಾಡಿನ ಮೂಲಕ ಪರದೆಯನ್ನು ದೊಡ್ಡ ಜಿಪಿಯುಗೆ ವರ್ಗಾಯಿಸಬಹುದು. ಹೊರಗಿನ ಮಾನಿಟರಿಗೆಂದು ಇರುವ ಎಚ್‌ಡಿಎಂಐ ಕಿಂಡಿಯನ್ನು ಮಾತ್ರ ಅನೇಕ ಗೇಮಿಂಗ್ ಮಾದರಿಗಳಲ್ಲಿ ನೇರವಾಗಿ ದೊಡ್ಡ ಜಿಪಿಯುಗೇ ಜೋಡಿಸಿರುತ್ತಾರೆ.

ಯಾರ ತಂತಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿದರೆ ಮೊದಲ ಪರೀಕ್ಷೆ ತಾನಾಗಿಯೇ ಹೊಳೆಯುತ್ತದೆ. ಪವರ್ ಬಟನ್ ಒತ್ತಿ, ವಿಂಡೋಸ್ ಇನ್ನೂ ಶುರುವಾಗದ ಹೊತ್ತಿನಲ್ಲಿ, ಕಂಪನಿಯ ಲಾಂಛನ ಮೂಡುವ ಆ ಕೆಲವು ಸೆಕೆಂಡುಗಳನ್ನು ಗಮನವಿಟ್ಟು ನೋಡಬೇಕು. ಲಾಂಛನದ ಮೇಲೆಯೇ ಗೆರೆಗಳಿದ್ದರೆ ವಿಂಡೋಸೂ ಡ್ರೈವರೂ ಆರೋಪದಿಂದ ಪಾರಾದವು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮಕ್ಸ್ ಸ್ವಿಚ್ ಇಲ್ಲದ ಯಂತ್ರದಲ್ಲಿ ಆ ಲಾಂಛನವನ್ನು ಬಿಡಿಸಿದ್ದು ಪ್ರೊಸೆಸರಿನೊಳಗಿನ ಸಣ್ಣ ಜಿಪಿಯು. ಹಾಗಾಗಿ ದೊಡ್ಡ ಜಿಪಿಯು ಮೇಲಿನ ಅನುಮಾನವೂ ಇಳಿದುಹೋಗುತ್ತದೆ. ಉಳಿಯುವುದು ಪರದೆ, ಅದರ ಕೇಬಲ್, ಸಣ್ಣ ಜಿಪಿಯು ಮತ್ತು ಅದು ಬಳಸುವ ರ‍್ಯಾಮ್. ಲಾಂಛನ ಇರುವಾಗಲೇ ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿದಾಗ ಗೆರೆಗಳು ಬಂದು ಹೋಗುತ್ತಿದ್ದರೆ ದೋಷ ಬಹುಮಟ್ಟಿಗೆ ಹಿಂಜಿನ ಮೂಲಕ ಹಾಯುವ ಕೇಬಲಿನದು. ಚಿಪ್ಪಿನ ರಿಪೇರಿಗೆ ಹೋಲಿಸಿದರೆ ಅದರ ಖರ್ಚು ಬಹಳ ಕಡಿಮೆ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಪರದೆ ಕೆಟ್ಟು ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಮೊಬೈಲಿಗೆ ಕಳಿಸಿ ನೋಡುವುದು. ಮೊಬೈಲಿನಲ್ಲಿಯೂ ಗೆರೆ ಇದ್ದರೆ ಚಿತ್ರ ತಯಾರಾಗುವ ಹಂತದಲ್ಲೇ ಕೆಟ್ಟಿದೆ ಎಂದರ್ಥ. ಮೊಬೈಲಿನಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಅದು ಹೊರಟ ಮೇಲೆ, ದಾರಿಯಲ್ಲಿ, ಕೇಬಲಿನಲ್ಲೋ ಪರದೆಯಲ್ಲೋ ಕೆಟ್ಟಿರುವ ಸಾಧ್ಯತೆ ಹೆಚ್ಚು. ಎಚ್‌ಡಿಎಂಐ ಮೂಲಕ ಟಿವಿ ಜೋಡಿಸಿದಾಗ ಟಿವಿಯಲ್ಲಿ ಮಾತ್ರ ಚುಕ್ಕಿ ಬಂದು ಲ್ಯಾಪ್‌ಟಾಪಿನ ಪರದೆ ಸರಿಯಿದ್ದರೆ, ಅನುಮಾನ ಮತ್ತೆ ದೊಡ್ಡ ಜಿಪಿಯು ಅಥವಾ ಆ ಕಿಂಡಿಯ ಕಡೆಗೆ ತಿರುಗುತ್ತದೆ. ಈ ಯಾವ ಪರೀಕ್ಷೆಗೂ ಒಂದು ಸ್ಕ್ರೂ ಸಹ ಬಿಚ್ಚಬೇಕಿಲ್ಲ.

ಲಾಂಛನ ಚೆನ್ನಾಗಿದ್ದು ವಿಂಡೋಸ್ ಬಂದ ಮೇಲೆ ತೊಂದರೆ ಶುರುವಾದರೆ ಮುಂದಿನ ಸರದಿ ಡ್ರೈವರಿನದು. ವಿಂಡೋಸಿನಲ್ಲಿ ಒಂದು ಕಾವಲು ವ್ಯವಸ್ಥೆ ಇದೆ: ಜಿಪಿಯು ಎರಡು ಸೆಕೆಂಡಿನ ಒಳಗೆ ಓಗೊಡದಿದ್ದರೆ ಅದನ್ನು ರೀಸೆಟ್ ಮಾಡಿ ಮತ್ತೆ ಎಬ್ಬಿಸಲು ನೋಡುತ್ತದೆ. ಎದ್ದರೆ ಪರದೆ ಒಮ್ಮೆ ಕಪ್ಪಾಗಿ ಮರಳುತ್ತದೆ, ಈವೆಂಟ್ ವ್ಯೂವರಿನಲ್ಲಿ 4101 ಎಂಬ ಸಂಖ್ಯೆಯ ದಾಖಲೆ ಬೀಳುತ್ತದೆ. ಏಳದಿದ್ದರೆ ನೀಲಿ ಪರದೆ. ಡಿವೈಸ್ ಮ್ಯಾನೇಜರಿನಲ್ಲಿ ಕಾಣುವ ಕೋಡ್ 43 ಹೇಳುವುದೂ ಇಷ್ಟೇ: ಸಾಧನ ತನಗೆ ತೊಂದರೆಯಿದೆ ಎಂದು ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಈ ಸಂದೇಶಗಳನ್ನು ಜಿಪಿಯುವಿನ ಮರಣಪತ್ರವೆಂದು ಓದುವವರು ಬಹಳ. ನಿಜವಾಗಿ ಅವು ಹೇಳುವುದು ಜಿಪಿಯು ಉತ್ತರ ಕೊಡಲಿಲ್ಲ ಎಂದಷ್ಟೇ. ಏಕೆ ಕೊಡಲಿಲ್ಲ ಎಂದು ಹೇಳುವುದಿಲ್ಲ. ಡ್ರೈವರೇ ಅಪರಾಧಿಯಾದ ಉದಾಹರಣೆಗಳು ಕಡಿಮೆಯಿಲ್ಲ. 2010ರ ಮಾರ್ಚಿನಲ್ಲಿ ಎನ್‌ವಿಡಿಯಾ ತನ್ನ 196.75 ಎಂಬ ಡ್ರೈವರನ್ನು ವಾಪಸ್ ತೆಗೆದುಕೊಂಡಿತು. ಅದು ಫ್ಯಾನಿನ ನಿಯಂತ್ರಣವನ್ನೇ ಕೆಡಿಸಿ ಕಾರ್ಡ್‌ಗಳು ಮಿತಿಮೀರಿ ಕಾಯುವಂತೆ ಮಾಡಿದ ದೂರುಗಳು ಬಂದಿದ್ದವು. ಹಾಗಾಗಿ ಡಿಡಿಯು ಎಂಬ ಉಚಿತ ಸಾಧನದಿಂದ ಹಳೆಯ ಡ್ರೈವರಿನ ಗುರುತೆಲ್ಲ ಅಳಿಸಿ, ಲ್ಯಾಪ್‌ಟಾಪ್ ತಯಾರಕರು ತಮ್ಮ ತಾಣದಲ್ಲಿ ಇಟ್ಟಿರುವ ಆವೃತ್ತಿಯನ್ನು ಹೊಸದಾಗಿ ಹಾಕಿ ನೋಡದೆ ಮುಂದಿನ ಹೆಜ್ಜೆ ಇಡುವುದು ಸರಿಯಲ್ಲ.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಸೇಫ್ ಮೋಡಿನಲ್ಲಿ ಲ್ಯಾಪ್‌ಟಾಪ್ ಚೆನ್ನಾಗಿ ನಡೆದರೆ ದೋಷ ತಂತ್ರಾಂಶದ್ದೇ ಎಂದು ತೀರ್ಮಾನಿಸಿಬಿಡುತ್ತಾರೆ. ಸೇಫ್ ಮೋಡಿನಲ್ಲಿ ವಿಂಡೋಸ್ ಪೂರ್ಣ ಡ್ರೈವರನ್ನು ಎಬ್ಬಿಸುವುದೇ ಇಲ್ಲ. ದೊಡ್ಡ ಜಿಪಿಯು ಬಹುಮಟ್ಟಿಗೆ ಕೆಲಸವಿಲ್ಲದೆ ಕೂತಿರುತ್ತದೆ. ಕೆಲಸವನ್ನೇ ಕೊಡದೆ ಅದರ ಆರೋಗ್ಯ ಅಳೆದಂತಾಯಿತೇ? ಹೊಸ ಡ್ರೈವರ್ ಹಾಕಿದ ಮೇಲೂ, ಹಳೆಯ ಡ್ರೈವರಿಗೆ ಮರಳಿದ ಮೇಲೂ, ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ಅಲ್ಲಿ ದೊಡ್ಡ ಜಿಪಿಯುಗೆ ಕೆಲಸ ಕೊಟ್ಟಾಗಲೂ ಅದೇ ತೊಂದರೆ ಮರುಕಳಿಸಿದರೆ ಮಾತ್ರ ತಂತ್ರಾಂಶವನ್ನು ನಿರ್ದೋಷಿ ಎನ್ನಬಹುದು. ಎರಡು ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು ಒಂದೇ ಬಗೆಯಲ್ಲಿ ಕೈಚೆಲ್ಲಿದರೆ, ಅವೆರಡಕ್ಕೂ ಸಮಾನವಾಗಿರುವುದು ಯಂತ್ರಾಂಶ ಮಾತ್ರ.

ಆಗಲೂ ಯಂತ್ರಾಂಶ ಎಂದರೆ ಚಿಪ್ ಎಂದೇ ಅರ್ಥವಲ್ಲ. ಗೇಮಿಂಗ್ ಜಿಪಿಯುವಿನ ತಿರುಳಿಗೆ ಬೇಕಾದ ವೋಲ್ಟೇಜ್ ಸುಮಾರು ಒಂದು ವೋಲ್ಟ್, ಹಲವು ಸಲ ಅದಕ್ಕೂ ಕಡಿಮೆ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ 100 ವ್ಯಾಟ್ ಕೊಡಬೇಕೆಂದರೆ 100 ಆಂಪಿಯರಿನ ಆಸುಪಾಸು ಪ್ರವಾಹ ಹರಿಯಬೇಕು. ಚಾರ್ಜರಿನಿಂದ 20 ವೋಲ್ಟ್ ಆಸುಪಾಸಿನಲ್ಲಿ ಬಂದ ವಿದ್ಯುತ್ತನ್ನು ಹೀಗೆ ಇಳಿಸಿ ಕೊಡುವ ಸಣ್ಣ ಸಣ್ಣ ಮಾಸ್‌ಫೆಟ್‌ಗಳು, ಕಾಯಿಲ್‌ಗಳು, ಕೆಪ್ಯಾಸಿಟರ್‌ಗಳು ಜಿಪಿಯು ಪಕ್ಕದಲ್ಲೇ ಸಾಲಾಗಿ ಕೂತಿರುತ್ತವೆ. ಅವುಗಳಲ್ಲಿ ಒಂದು ಸೊರಗಿದರೂ ಲೋಡ್ ಏರಿದ ಕ್ಷಣದಲ್ಲಿ ಜಿಪಿಯು ಕುಸಿಯಬಹುದು. 2021ರಲ್ಲಿ ‘ನ್ಯೂ ವರ್ಲ್ಡ್’ ಎಂಬ ಆಟದ ಪರೀಕ್ಷಾ ಆವೃತ್ತಿ ಆಡುವಾಗ ಕೆಲವು ಆರ್‌ಟಿಎಕ್ಸ್ 3090 ಕಾರ್ಡ್‌ಗಳು ಸತ್ತವು. ತಯಾರಕರಾದ ಇವಿಜಿಎ ತನಿಖೆ ಮಾಡಿ ಹೇಳಿದ ಕಾರಣ ಮಾಸ್‌ಫೆಟ್ ಸರ್ಕ್ಯೂಟಿನ ಸುತ್ತ ಸರಿಯಾಗಿ ಬೀಳದ ಬೆಸುಗೆ. ಆ ಕಾರ್ಡ್‌ಗಳು ಡೆಸ್ಕ್‌ಟಾಪಿನವು, ಆದರೆ ಪಾಠ ಲ್ಯಾಪ್‌ಟಾಪಿಗೂ ಹೊಂದುತ್ತದೆ: ಬಲಿಯಾಗಿ ಕಂಡದ್ದು ಜಿಪಿಯು, ಕೆಟ್ಟದ್ದು ಅದಕ್ಕೆ ವಿದ್ಯುತ್ ಕೊಡುವ ದಾರಿ.

ವಿದ್ಯುತ್ತಿನ ವಿಚಾರಣೆಯನ್ನು ಮನೆಯಲ್ಲಿಯೇ ಶುರುಮಾಡಬಹುದು. ಚಾರ್ಜರಿನ ಕೆಳಗಿನ ಚೀಟಿಯಲ್ಲಿರುವ ವ್ಯಾಟ್ ಸಂಖ್ಯೆ ಲ್ಯಾಪ್‌ಟಾಪ್ ಕೇಳುವಷ್ಟಿದೆಯೇ ನೋಡಬೇಕು. 230 ವ್ಯಾಟ್ ಬೇಡುವ ಯಂತ್ರಕ್ಕೆ ಕಳೆದುಹೋದ ಚಾರ್ಜರಿನ ಬದಲು 100 ವ್ಯಾಟಿನ ಟೈಪ್-ಸಿ ಚಾರ್ಜರೋ, ಅಗ್ಗದ ನಕಲಿಯೋ ಸಿಕ್ಕಿದ್ದರೆ ಆಟ ಕುಂಟುವುದು ಸಹಜ. ಅದೇ ಮಾದರಿಯ ಅಸಲಿ ಚಾರ್ಜರನ್ನು ಗೆಳೆಯರಿಂದ ಒಂದು ದಿನದ ಮಟ್ಟಿಗೆ ತಂದು ನೋಡಿದರೆ ಈ ಅನುಮಾನ ಬಗೆಹರಿಯುತ್ತದೆ. ಕುಸಿಯುವ ರೀತಿಯನ್ನೂ ಗಮನಿಸಬೇಕು. ಪರದೆ ಕಪ್ಪಾದರೂ ಆಟದ ಸದ್ದು ಮುಂದುವರಿದರೆ ಪ್ರೊಸೆಸರ್ ಬದುಕಿದೆ, ಚಿತ್ರದ ವಿಭಾಗ ಮಾತ್ರ ನಿಂತಿದೆ ಎಂದು ತಿಳಿಯಬಹುದು. ಕರೆಂಟ್ ಹೋದಂತೆ ಇಡೀ ಯಂತ್ರ ಒಮ್ಮೆಲೇ ಆರಿದರೆ ಮೊದಲು ವಿದ್ಯುತ್ತನ್ನೂ ಶಾಖವನ್ನೂ ಅನುಮಾನಿಸಬೇಕು. ಬೋರ್ಡ್ ಮಟ್ಟದ ಪರೀಕ್ಷೆ ಅಂಗಡಿಯವರ ಕೆಲಸ, ಆದರೆ ಅಲ್ಲಿಯೂ ಒಂದು ಬಲೆಯಿದೆ. ಮಲ್ಟಿಮೀಟರನ್ನು ಜಿಪಿಯು ಪಕ್ಕದ ಕಾಯಿಲಿಗೆ ಇಟ್ಟಾಗ ಬೀಪ್ ಸದ್ದು ಬಂದರೆ ‘ಶಾರ್ಟ್ ಆಗಿದೆ’ ಎಂದುಬಿಡುತ್ತಾರೆ. ದೊಡ್ಡ ಜಿಪಿಯುವಿನ ತಿರುಳಿನ ಪ್ರತಿರೋಧ ಆರೋಗ್ಯವಾಗಿದ್ದಾಗಲೂ ಒಂದು ಓಮ್‌ಗಿಂತ ಕೆಳಗಿರಬಹುದು; ಮೀಟರ್ ಅದಕ್ಕೂ ಬೀಪ್ ಎನ್ನುತ್ತದೆ. ಅದೇ ಮಾದರಿಯ ಸರಿಯಿರುವ ಬೋರ್ಡಿನ ಅಳತೆಗೆ ಹೋಲಿಸದೆ ಆ ಸದ್ದಿನಿಂದ ಏನನ್ನೂ ಸಾಧಿಸಲಾಗದು.

ಮೂರನೆಯ ಶಂಕಿತ ಶಾಖ. ಲ್ಯಾಪ್‌ಟಾಪ್ ಜಿಪಿಯುಗಳು ಸಾಮಾನ್ಯವಾಗಿ 87 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ತಂಪಾಗಿಸುವ ವ್ಯವಸ್ಥೆಗೆ ಗೊತ್ತಿರುವುದು ಕೋಣೆಯ ಗಾಳಿಗೂ ಚಿಪ್ಪಿಗೂ ನಡುವಿನ ಅಂತರವನ್ನು ಕಾಪಾಡುವುದು ಮಾತ್ರ. 25 ಡಿಗ್ರಿಯ ಕೋಣೆಯಲ್ಲಿ 75ಕ್ಕೆ ನಿಲ್ಲುತ್ತಿದ್ದ ಚಿಪ್, ರಾಯಚೂರು ಅಥವಾ ಕಲಬುರಗಿಯ ಬೇಸಿಗೆಯಲ್ಲಿ ಕೋಣೆ 40 ಮುಟ್ಟಿದಾಗ ಅದೇ ಕೆಲಸಕ್ಕೆ 90ರ ಕಡೆಗೆ ನಡೆಯುತ್ತದೆ, ಮಿತಿಗೆ ತಾಗಿ ಏದುಸಿರು ಬಿಡುತ್ತದೆ. ಇದರ ಮೇಲೆ ಧೂಳು. ಕೆಳಗಿನ ಮುಚ್ಚಳ ತೆಗೆದು ನೋಡಿದರೆ ಫ್ಯಾನಿನ ರೆಕ್ಕೆಗಳು ಸಾಕಷ್ಟು ಶುಭ್ರವಾಗಿಯೇ ಕಾಣಬಹುದು, ನೋಡಿದವರು ‘ಧೂಳಿಲ್ಲ’ ಎಂದು ಮುಚ್ಚಿಬಿಡುತ್ತಾರೆ. ಫ್ಯಾನನ್ನೇ ಎತ್ತಿದರೆ ಅದರ ಬಾಯಿಗೂ ತಾಮ್ರದ ಸಣ್ಣ ತಗಡುಗಳ ಸಾಲಿಗೂ ನಡುವೆ ಬೂದುಬಣ್ಣದ ದಪ್ಪ ಪದರವೊಂದು ಅಡ್ಡಲಾಗಿ ಕೂತಿರುತ್ತದೆ. ಬೆರಳಲ್ಲಿ ಹಿಡಿದು ಎಳೆದರೆ ತುಂಡಾಗದೆ ಇಡಿಯಾಗಿ ಕಳಚಿ ಬರುತ್ತದೆ. ಗಾಳಿ ಹೊರಹೋಗುವ ದಾರಿ ಅದೇ. ಚಿಪ್ಪಿಗೂ ತಾಮ್ರದ ಪಟ್ಟಿಗೂ ನಡುವೆ ಬಳಿದ ಥರ್ಮಲ್ ಪೇಸ್ಟ್ ವರ್ಷಗಳಲ್ಲಿ ಒಣಗುವುದು, ಅಂಚಿಗೆ ಸರಿದುಹೋಗುವುದು ಇನ್ನೊಂದು ಕಾರಣ. ಕೆಲವು ಮಾದರಿಗಳಲ್ಲಿ ಪೇಸ್ಟಿನ ಬದಲು ದ್ರವಲೋಹ ಇರುತ್ತದೆ. ಅದು ವಿದ್ಯುತ್ ಹರಿಸುವುದರಿಂದ ಚೆಲ್ಲಿದರೆ ಬೋರ್ಡೇ ಹಾಳು. ಅಂಥವನ್ನು ಮನೆಯಲ್ಲಿ ಬಿಚ್ಚಬಾರದು.

ಶಾಖದ ಮೇಲೆ ಆರೋಪ ಹೊರಿಸಲೂ ಸಾಕ್ಷ್ಯ ಬೇಕು, ಅದು ಸುಲಭವಾಗಿ ಸಿಗುತ್ತದೆ. ಎಚ್‌ಡಬ್ಲ್ಯೂಇನ್ಫೋದಂಥ ಉಚಿತ ಸಾಧನ ಸೆಕೆಂಡಿಗೊಮ್ಮೆ ಜಿಪಿಯುವಿನ ಉಷ್ಣಾಂಶ, ವೇಗ, ಎಳೆಯುತ್ತಿರುವ ವ್ಯಾಟ್, ಫ್ಯಾನಿನ ಸುತ್ತು ಎಲ್ಲವನ್ನೂ ಕಡತಕ್ಕೆ ಬರೆಯುತ್ತದೆ. ಯಂತ್ರ ಕುಸಿದ ಮೇಲೆ ಕಡತದ ಕೊನೆಯ ಸಾಲುಗಳನ್ನು ಓದಿದರೆ ಸಾಕು. ಕೊನೆಯ ಸಾಲಿನಲ್ಲಿ 88 ಡಿಗ್ರಿ ಇದ್ದು, ಲ್ಯಾಪ್‌ಟಾಪಿನ ಕೆಳಗೆ ಎತ್ತರ ಕೊಟ್ಟು ಮೇಜಿನ ಫ್ಯಾನ್ ತಿರುಗಿಸಿದಾಗ ತೊಂದರೆ ಮಾಯವಾದರೆ ಶಾಖವೇ ಕಾರಣ. ಕೊನೆಯ ಸಾಲಿನಲ್ಲಿ 60 ಡಿಗ್ರಿ ಇದ್ದಾಗಲೇ ಕುಸಿದಿದ್ದರೆ ಧೂಳು ಒರೆಸುವುದರಿಂದ ಆ ಕುಸಿತ ನಿಲ್ಲುವುದಿಲ್ಲ, ಬೇರೆಲ್ಲೋ ಹುಡುಕಬೇಕು.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ತೊಂದರೆ ಉಳಿದರೆ ಈಗ ಚಿಪ್ಪನ್ನು ಕಟಕಟೆಗೆ ಕರೆಯಬಹುದು. ಆಗಲೂ ತಿರುಳು, ಮೆಮೊರಿ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಧನದಲ್ಲಿ ಮೊದಲು ಮೆಮೊರಿಯ ವೇಗ ಮಾತ್ರ ತಗ್ಗಿಸಿ ಆಡಿ ನೋಡುವುದು, ಆಮೇಲೆ ಅದನ್ನು ಮೊದಲಿನಂತಿರಿಸಿ ತಿರುಳಿನ ವೇಗ ಮಾತ್ರ ತಗ್ಗಿಸುವುದು. ಮೆಮೊರಿ ನಿಧಾನವಾದಾಗ ಚುಕ್ಕಿಗಳು ನಿಂತರೆ ಅನುಮಾನ ಮೆಮೊರಿ ಚಿಪ್‌ಗಳ ಮೇಲೆ ಗಟ್ಟಿಯಾಗುತ್ತದೆ. ಒಸಿಸಿಟಿ ಎಂಬ ಸಾಧನದಲ್ಲಿ ಗ್ರಾಫಿಕ್ಸ್ ಮೆಮೊರಿಯನ್ನು ತುಂಬಿ ತೆಗೆದು ತಪ್ಪು ಎಣಿಸುವ ಪರೀಕ್ಷೆಯೇ ಇದೆ. ಅದರಲ್ಲಿ ಪದೇಪದೇ ತಪ್ಪು ಬಂದರೆ ಅದು ಕಣ್ಣಿಗೆ ಕಂಡ ಚುಕ್ಕಿಗಿಂತ ಬಲವಾದ ಸಾಕ್ಷ್ಯ. ಈ ಭೇದ ಏಕೆ ಮುಖ್ಯವೆಂದರೆ, ನುರಿತ ಚಿಪ್ ಲೆವೆಲ್ ಅಂಗಡಿಯಲ್ಲಿ ಕೆಟ್ಟ ಮೆಮೊರಿ ಚಿಪ್ ಒಂದನ್ನೇ ಬದಲಾಯಿಸಬಹುದು. ಜಿಪಿಯುವಿನ ತಿರುಳನ್ನು ಬದಲಾಯಿಸುವುದು ಅದಕ್ಕಿಂತ ಎಷ್ಟೋ ಕಷ್ಟ, ಎಷ್ಟೋ ದುಬಾರಿ.

ಚಿಪ್‌ಗಳು ನಿಜವಾಗಿ ಸಾಯುವುದೇ ಇಲ್ಲ ಎಂದೇನೂ ಈ ವಾದದ ಅರ್ಥವಲ್ಲ. ಸಾಯುತ್ತವೆ, ಸಾಮೂಹಿಕವಾಗಿ ಸತ್ತದ್ದೂ ಇದೆ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ಅಸಹಜ ಪ್ರಮಾಣದಲ್ಲಿ ಕೆಡುತ್ತಿವೆ ಎಂದು ಒಪ್ಪಿಕೊಂಡು 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ದುರ್ಬಲವಾದದ್ದು ಸಿಲಿಕಾನ್ ತುಣುಕನ್ನು ಅದರ ಕೆಳಗಿನ ಹಲಗೆಗೆ ಕೂರಿಸಲು ಬಳಸಿದ ಸಾಮಗ್ರಿ. ಕಾರಣ ಭೌತವಿಜ್ಞಾನದ್ದು. ಒಂದು ಡಿಗ್ರಿ ಬಿಸಿಯೇರಿದರೆ ಸಿಲಿಕಾನ್ ಹತ್ತು ಲಕ್ಷದಲ್ಲಿ ಸುಮಾರು 3 ಭಾಗ ಹಿಗ್ಗುತ್ತದೆ, ಕೆಳಗಿನ ಹಲಗೆ ಸುಮಾರು 15 ಭಾಗ ಹಿಗ್ಗುತ್ತದೆ. ಆಟ ಶುರುವಾದಾಗ ಎರಡೂ ಬೇರೆಬೇರೆ ಅಳತೆಯಲ್ಲಿ ಹಿಗ್ಗಿ, ಆಟ ಮುಗಿದಾಗ ಕುಗ್ಗುತ್ತವೆ. ನಡುವೆ ಸಿಕ್ಕಿಕೊಂಡ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆ ಗುಬುಟುಗಳು ಪ್ರತಿ ಸಲವೂ ಎಳೆದಾಟಕ್ಕೆ ಒಳಗಾಗಿ ಕೊನೆಗೊಂದು ದಿನ ಬಿರಿಯುತ್ತವೆ. ಡೆಲ್, ಎಚ್‌ಪಿಗಳು ಫ್ಯಾನ್ ಹೆಚ್ಚು ಹೊತ್ತು ತಿರುಗುವಂತೆ ಬಯೋಸ್ ಬದಲಾಯಿಸಿದವು, ಆಪಲ್ ಉಚಿತ ರಿಪೇರಿ ಕೊಟ್ಟಿತು. ಅದಕ್ಕೂ ಒಂದು ವರ್ಷ ಮೊದಲು, 2007ರಲ್ಲಿ, ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360 ಗೇಮ್ ಕನ್ಸೋಲಿನಲ್ಲಿ ದೋಷ ಸೂಚಿಸುತ್ತಿದ್ದ ಕುಖ್ಯಾತ ಕೆಂಪು ದೀಪಗಳಿಗಾಗಿ ವಾರಂಟಿಯನ್ನು ಮೂರು ವರ್ಷಕ್ಕೆ ಹಿಗ್ಗಿಸಿ 100 ಕೋಟಿ ಡಾಲರಿಗೂ ಹೆಚ್ಚಿನ ಹೊರೆ ಹೊತ್ತಿತ್ತು. 2015ರಲ್ಲಿ ಆಪಲ್ ಮತ್ತೊಮ್ಮೆ, 2011ರಿಂದ 2013ರ ನಡುವೆ ಮಾರಿದ ಕೆಲವು ಮ್ಯಾಕ್‌ಬುಕ್ ಪ್ರೋಗಳ ಚಿತ್ರದೋಷಕ್ಕೆ ಉಚಿತ ರಿಪೇರಿ ಘೋಷಿಸಿತು.

ಈ ಇತಿಹಾಸದಿಂದಲೇ ‘ಹೀಟ್ ಕೊಡುವ’ ಚಿಕಿತ್ಸೆ ಜನಪ್ರಿಯವಾಯಿತು. ಬೆಸುಗೆ ಬಿರಿದಿದ್ದರೆ ಕರಗಿಸಿ ಮತ್ತೆ ಕೂಡಿಸೋಣ ಎಂಬ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಚಿಪ್ಪಿನಲ್ಲಿ ಬೆಸುಗೆ ಎರಡು ಅಂತಸ್ತಿನಲ್ಲಿದೆ. ಮೇಲಂತಸ್ತು ಸಿಲಿಕಾನಿಗೂ ಅದರ ಹಲಗೆಗೂ ನಡುವಿನದು. ಕೆಳಂತಸ್ತು ಆ ಹಲಗೆಗೂ ಮದರ್‌ಬೋರ್ಡಿಗೂ ನಡುವಿನ ದೊಡ್ಡ ಉಂಡೆಗಳದು. ಸೀಸರಹಿತ ಉಂಡೆಗಳು 217 ಡಿಗ್ರಿಯ ಹೊತ್ತಿಗೆ ಕರಗತೊಡಗುತ್ತವೆ, ಹಾಟ್ ಏರ್ ಯಂತ್ರ ಚಿಪ್ಪನ್ನು ಕಾಯಿಸುವುದು ಅದರ ಸುತ್ತಮುತ್ತ. ಆ ಕಾಲದ ಅನೇಕ ಚಿಪ್‌ಗಳ ಮೇಲಂತಸ್ತಿನಲ್ಲಿ ಇದ್ದದ್ದು ಸೀಸ ಹೆಚ್ಚಿರುವ ಬೆಸುಗೆ. ಅದು ಕರಗಲು 300 ಡಿಗ್ರಿಗೂ ಮೇಲಿನ ಶಾಖ ಬೇಕು. ಎಕ್ಸ್‌ಬಾಕ್ಸ್ ವಿಷಯದಲ್ಲೂ 2021ರ ಸಾಕ್ಷ್ಯಚಿತ್ರವೊಂದರಲ್ಲಿ ಮೈಕ್ರೋಸಾಫ್ಟಿನ ಎಂಜಿನಿಯರುಗಳು ವಿವರಿಸಿದ್ದು ಇದನ್ನೇ: ಜನ ನಂಬಿದಂತೆ ಬೋರ್ಡಿನ ಉಂಡೆಗಳಲ್ಲ, ಚಿಪ್ ಘಟಕದ ಒಳಗಿನ ಸಂಪರ್ಕಗಳು ಬಿರಿದಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಬಿರಿದದ್ದು ಮೇಲಂತಸ್ತು, ಕಾಯಿಸಿ ಕರಗಿಸಿದ್ದು ಕೆಳಂತಸ್ತು.

‘ಹಾಗಾದರೆ ಹೀಟ್ ಕೊಟ್ಟಾಗ ಎಷ್ಟೋ ಲ್ಯಾಪ್‌ಟಾಪ್ ಎದ್ದು ಕೂತಿವೆಯಲ್ಲ?’ ಎಂಬುದು ನ್ಯಾಯವಾದ ಪ್ರಶ್ನೆ. ಎದ್ದಿವೆ ನಿಜ. ಶಾಖಕ್ಕೆ ಸಿಲಿಕಾನಿನ ಅಡಿಯ ತುಂಬು ಅಂಟು ಮೆತ್ತಗಾಗಿ, ಭಾಗಗಳು ಹಿಗ್ಗಿ, ಬಿರಿದ ತುದಿಗಳು ಮತ್ತೆ ಒಂದನ್ನೊಂದು ತಾಗಬಹುದು. ತಾಗಿವೆ ಅಷ್ಟೇ, ಕೂಡಿಲ್ಲ. ಕೆಲವು ದಿನ ಅಥವಾ ವಾರಗಳ ಹಿಗ್ಗು ಕುಗ್ಗಿನಲ್ಲಿ ಮತ್ತೆ ಬಿಟ್ಟುಕೊಳ್ಳುತ್ತವೆ. ಅಷ್ಟರಲ್ಲಿ ಪಕ್ಕದ ಮೆಮೊರಿ ಚಿಪ್‌ಗಳೂ ಕೆಪ್ಯಾಸಿಟರ್‌ಗಳೂ ಬೋರ್ಡಿನ ಪದರಗಳೂ ಆ ಶಾಖ ಉಂಡಿರುತ್ತವೆ. ಚಿಪ್ ಕಿತ್ತು ಹೊಸ ಉಂಡೆ ಕೂರಿಸುವ ರೀಬಾಲಿಂಗ್ ಕೂಡ ಕೆಳಂತಸ್ತು ನಿಜವಾಗಿ ಬಿರಿದಿದ್ದಾಗ, ಉದಾಹರಣೆಗೆ ಲ್ಯಾಪ್‌ಟಾಪ್ ಬಿದ್ದು ಬೋರ್ಡ್ ಬಾಗಿದಾಗ ಮಾತ್ರ ಅರ್ಥಪೂರ್ಣ. ಕಾಯಿಸಿದ ಮೇಲೆ ಯಂತ್ರ ಎದ್ದಿತು ಎನ್ನುವುದು ರಿಪೇರಿ ಆಯಿತು ಎಂಬುದಕ್ಕೂ ಸಾಕ್ಷ್ಯವಲ್ಲ, ಚಿಪ್ಪೇ ಕೆಟ್ಟಿತ್ತು ಎಂಬುದಕ್ಕೂ ಪೂರ್ಣ ಸಾಕ್ಷ್ಯವಲ್ಲ. ಬಿಸಿಗಾಳಿ ಪಕ್ಕದ ಇನ್ಯಾವುದೋ ಸಡಿಲ ಬೆಸುಗೆಯನ್ನು ಸರಿಪಡಿಸಿರಬಹುದು.

ದಿನಕ್ಕೆ ಹತ್ತಾರು ಯಂತ್ರ ನೋಡುವ ಮೆಕ್ಯಾನಿಕ್‌ಗೆ ಈ ಪರೀಕ್ಷೆಗಳ ಸಾಲು ಅನಗತ್ಯ, ಅವರ ಕಣ್ಣೇ ಸಾಕು ಎಂಬ ಆಕ್ಷೇಪವೂ ಇದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬೋರ್ಡ್ ಕೈಗೆ ಬಂದೊಡನೆ ದೋಷ ಊಹಿಸಬಲ್ಲ ಕುಶಲಿಗಳಿದ್ದಾರೆ, ಅವರ ಅನುಭವವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಅನುಭವ ಹೇಳುವುದು ಇಂಥ ಮಾದರಿಯಲ್ಲಿ ಸಾಮಾನ್ಯವಾಗಿ ಏನು ಕೆಡುತ್ತದೆ ಎಂಬುದನ್ನು; ಈ ಯಂತ್ರದಲ್ಲಿ ಏನು ಕೆಟ್ಟಿದೆ ಎಂಬುದನ್ನು ಅಳತೆ ಮಾತ್ರ ಹೇಳಬಲ್ಲದು. ನಿಜವಾದ ಕುಶಲಿ ಅಳತೆಗೆ ಹಿಂಜರಿಯುವುದಿಲ್ಲ. ಮೇಲಾಗಿ ಪಂದ್ಯದ ಪಣ ಇಬ್ಬರಿಗೂ ಒಂದೇ ಅಲ್ಲ: ಊಹೆ ತಪ್ಪಿದರೆ ಅಂಗಡಿಗೆ ಹೋಗುವುದು ಒಂದು ಗಂಟೆ, ಗ್ರಾಹಕನಿಗೆ ಹೋಗುವುದು ಬೋರ್ಡ್. ಆದ್ದರಿಂದ ಹಿಂತಿರುಗಿಸಬಹುದಾದ ಪರೀಕ್ಷೆ ಮೊದಲು, ಹಿಂತಿರುಗಿಸಲಾಗದ ಕೆಲಸ ಕೊನೆಗೆ ಎಂಬ ಕ್ರಮವನ್ನು ಬಿಡಬಾರದು. ಡ್ರೈವರ್ ಬದಲಾಯಿಸಿದರೆ ಹಳೆಯದಕ್ಕೆ ಮರಳಬಹುದು; ಕಾಯಿಸಿದ ಬೋರ್ಡನ್ನು ಕಾಯಿಸುವ ಮುಂಚಿನ ಸ್ಥಿತಿಗೆ ತರಲಾಗದು. ವಾರಂಟಿ ಬಾಕಿಯಿರುವ ಯಂತ್ರಕ್ಕಂತೂ ಹೊರಗೆ ಹೀಟ್ ಕೊಡಿಸಿದರೆ ಕಂಪನಿಗೆ ನಿರಾಕರಿಸಲು ನಾವೇ ಕಾರಣ ಕೊಟ್ಟಂತೆ.

ಇನ್ನೊಂದು ಆಕ್ಷೇಪ ಹೆಚ್ಚು ವ್ಯಾವಹಾರಿಕ: ಇಷ್ಟೆಲ್ಲ ಮಾಡಿ ಕೊನೆಗೆ ಚಿಪ್ಪೇ ಸತ್ತಿದೆ ಎಂದು ಗೊತ್ತಾದರೆ ಶ್ರಮವೆಲ್ಲ ವ್ಯರ್ಥವಲ್ಲವೇ? ಅಲ್ಲ, ಏಕೆಂದರೆ ಖಚಿತವಾಗಿ ತಿಳಿದಾಗ ಆಯ್ಕೆಗಳು ಹೆಚ್ಚುತ್ತವೆ. ಡಿವೈಸ್ ಮ್ಯಾನೇಜರಿನಲ್ಲಿ ದೊಡ್ಡ ಜಿಪಿಯುವನ್ನು ನಿಷ್ಕ್ರಿಯಗೊಳಿಸಿದರೆ, ವಿದ್ಯುತ್ ದಾರಿಯಲ್ಲಿ ಶಾರ್ಟ್ ಇಲ್ಲದ ಪಕ್ಷದಲ್ಲಿ, ಅನೇಕ ಲ್ಯಾಪ್‌ಟಾಪ್‌ಗಳು ಸಣ್ಣ ಜಿಪಿಯುವಿನ ಬಲದಲ್ಲೇ ಓದು, ಬರಹ, ಕಚೇರಿ ಕೆಲಸಕ್ಕೆ ವರ್ಷಗಟ್ಟಲೆ ಬರುತ್ತವೆ. ವೋಲ್ಟೇಜೋ ವೇಗವೋ ತಗ್ಗಿಸಿ ಇನ್ನಷ್ಟು ದಿನ ಆಡುವುದೂ ಸಾಧ್ಯ. ಅದು ಗುಣವಲ್ಲ, ಮುಂದೂಡಿಕೆ ಎಂದು ತಿಳಿದು ಮಾಡಿದರೆ ತಪ್ಪೇನಿಲ್ಲ. ವಾರಂಟಿಯೊಳಗೆ ಕೆಟ್ಟಿದ್ದರೆ ದಾಖಲೆ ಸಮೇತ ಕಂಪನಿಯನ್ನು ಕೇಳಬಹುದು. ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗವಿದೆ. 2007, 2008, 2015ರಲ್ಲಿ ಕಂಪನಿಗಳು ಹಣ ತೆತ್ತದ್ದು, ಒಂದೇ ಮಾದರಿ ಒಂದೇ ಬಗೆಯಲ್ಲಿ ಕೆಡುತ್ತಿದೆ ಎಂಬ ದೂರುಗಳು ರಾಶಿಬಿದ್ದು ಅಲ್ಲಗಳೆಯಲಾಗದಂತಾದ ಮೇಲೆ. ಬೋರ್ಡ್ ಬದಲಿಸುವುದೇ ಆದರೆ ಅದಕ್ಕೂ ಮೊದಲು ಕಡತಗಳ ಪ್ರತಿ ತೆಗೆದಿಟ್ಟುಕೊಂಡು, ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಬೇಕು. ಬೀಗದ ಗುಟ್ಟು ಹಳೆಯ ಬೋರ್ಡಿನಲ್ಲಿಯೇ ಉಳಿಯುವುದರಿಂದ, ಕೀ ಇಲ್ಲದಿದ್ದರೆ ಹೊಸ ಬೋರ್ಡಿನಲ್ಲಿ ಎಸ್‌ಎಸ್‌ಡಿ ತೆರೆಯುವುದಿಲ್ಲ.

ಅಂಗಡಿಗೆ ಹೋಗುವ ಹೊತ್ತಿಗೆ ಕೈಯಲ್ಲಿ ಒಂದು ಪುಟದ ಟಿಪ್ಪಣಿ ಇದ್ದರೆ ಮಾತುಕತೆಯ ಧಾಟಿಯೇ ಬೇರೆ. ‘ಲಾಂಛನ ಸರಿಯಾಗಿ ಬರುತ್ತದೆ. ಎರಡು ಡ್ರೈವರ್ ಹಾಕಿ ನೋಡಿದೆ, ಲಿನಕ್ಸಿನಲ್ಲೂ ಇದೇ ತೊಂದರೆ. ಚಾರ್ಜರ್ ಅಸಲಿ. 60 ಡಿಗ್ರಿಗೇ ಕುಸಿಯುತ್ತದೆ, ಮೆಮೊರಿ ವೇಗ ತಗ್ಗಿಸಿದರೆ ನಿಲ್ಲುತ್ತದೆ’ ಎಂದು ಹೇಳುವವರಿಗೆ ಹೀಟ್ ಕೊಡೋಣ ಎಂದು ಸುಮ್ಮನೆ ಹೇಳಲಾಗುವುದಿಲ್ಲ. ಗ್ರಾಹಕರು ಕೇಳಬೇಕಾದ ಪ್ರಶ್ನೆಗಳೂ ನಾಲ್ಕೇ: ಯಾವ ಭಾಗ ಕೆಟ್ಟಿದೆ, ಅದನ್ನು ಯಾವ ಅಳತೆಯಿಂದ ತಿಳಿದಿರಿ, ಹಾಕುವ ಚಿಪ್ ಹೊಸದೋ ಇನ್ನೊಂದು ಬೋರ್ಡಿನಿಂದ ಕಿತ್ತದ್ದೋ, ಕೆಲಸಕ್ಕೆ ಎಷ್ಟು ತಿಂಗಳ ಗ್ಯಾರಂಟಿಯನ್ನು ಬಿಲ್ಲಿನಲ್ಲಿ ಬರೆದುಕೊಡುತ್ತೀರಿ. ಈ ನಾಲ್ಕಕ್ಕೂ ಉತ್ತರ ಕೊಡಬಲ್ಲ ಅಂಗಡಿಗೆ ಲ್ಯಾಪ್‌ಟಾಪ್ ಒಪ್ಪಿಸಬಹುದು. ಎರಡನೆಯ ಪ್ರಶ್ನೆಗೇ ತಡವರಿಸುವ ಅಂಗಡಿಯಿಂದ ಯಂತ್ರವನ್ನು ಹಾಗೆಯೇ ವಾಪಸ್ ತರುವುದು ಲೇಸು.